ಕೊಲೊರಾಡೊ ಹಿಮದ ಲೆಕ್ಕ ಬೇರೆ, ಪುಟ್ಟಿ

ಪುಟ್ಟಿ,

ಗೆಳೆಯರ ಜೊತೆ ನಮ್ಮ ಕೊಲೊರಾಡೊದ ಬೆಟ್ಟದ ದಾರಿ ಬರ್ಥಡ್ ಪಾಸ್‌ಗೆ ಸ್ಕೀ ಮಾಡೋಕೆ ಬರ್ತಿದ್ದೀಯ ಅಂತ ತಿಳಿದು ಖುಷಿಯಾಯ್ತು. "ಬೇಡ ಅಂತ ಒಂದು ಸಾಲು ಬರಿ, ಸಾಕು" ಅಂತಾರೆ ನಿಮ್ಮಪ್ಪ. ನಾನು ಹಾಗೆ ಬರೆಯಲ್ಲ. ಆದರೆ ಹಿಮಕುಸಿತದ ಬಗ್ಗೆ ನಿನ್ನ ಮೆಸೇಜಿನ ಒಂದು ಮಾತು ತಲೆಯಲ್ಲೇ ಉಳಿದಿದೆ: "ಹಿಮ ಬಿದ್ದು ಮೂರ್ನಾಲ್ಕು ದಿನ ಆಗಿರುತ್ತೆ, ಕೂತಿರುತ್ತೆ ಬಿಡಮ್ಮ."

ಅದು ನಿಮ್ಮ ಸಿಯಾಟಲ್ ಲೆಕ್ಕ. ಕ್ಯಾಸ್ಕೇಡ್ ಬೆಟ್ಟಗಳಿಗೆ ಸಮುದ್ರ ಹತ್ತಿರ. ಹಿಮ ರಾಶಿ ರಾಶಿ ಬೀಳುತ್ತೆ, ಒದ್ದೆಯಾಗಿರುತ್ತೆ, ಚಳಿಯೂ ಅಷ್ಟಿಲ್ಲ. ಹೆಚ್ಚಿನ ಸಲ ಕೆಲವೇ ದಿನಗಳಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಲ್ಲಿ ಹಾಗಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಒಂದಿಷ್ಟು ಬಿದ್ದು, ಆಮೇಲೆ ಎಷ್ಟೋ ದಿನ ಬರೀ ಒಣಹವೆ, ರಾತ್ರಿ ಕೊರೆಯುವ ಚಳಿ. ಆ ತೆಳು ಹಿಮದ ಬುಡದಲ್ಲಿ ನೆಲ ಸೊನ್ನೆ ಡಿಗ್ರಿ ಆಸುಪಾಸು, ಮೇಲೆ ಗಾಳಿ ಮೈನಸ್ 15, 20. ಕೆಳಗಿನ ಆವಿ ಮೇಲೇರುತ್ತಾ ಕಣಗಳ ರೂಪವನ್ನೇ ಬದಲಿಸಿಬಿಡುತ್ತೆ. ಇದೇ ಡೆಪ್ತ್ ಹೋರ್, ಅಂದರೆ ಒಂದಕ್ಕೊಂದು ಅಂಟದ ಸಡಿಲ ಹರಳುಗಳ ಪದರ. ಅದರ ಮೇಲೆ ಜನವರಿ, ಫೆಬ್ರವರಿಯ ಹೊಸ ಹಿಮವೆಲ್ಲ ಕೂರುತ್ತೆ. ಬುಡ ಮಾತ್ರ ತಿಂಗಳಾದರೂ ಗಟ್ಟಿಯಾಗಲ್ಲ, ಅದು ಕುಸಿದರೆ ಮೇಲಿನದೆಲ್ಲ ಜಾರಿ ಬರುತ್ತೆ.

ಬಂದಾಗ ಸಲಿಕೆಯಿಂದ ನೆಲದವರೆಗೆ ಅಗೆದು ನೋಡು. ಬುಡದ ಹಿಮ ಒಂದು ಹಿಡಿ ತಗೊಂಡರೆ ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋಗುತ್ತೆ. ಎಷ್ಟು ಅದುಮಿದರೂ ಉಂಡೆ ಕಟ್ಟಲ್ಲ. ಆಮೇಲೆ ಪದರಗಳು ಎಷ್ಟು ಗಟ್ಟಿ ಅಂತ ನೋಡೋಕೆ, ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಮೇಲ್ಮುಖವಾಗಿ ಒಳಗೆ 30 ಸೆಂ.ಮೀ. ಇರೋ ಹಿಮದ ಕಂಬ ಕತ್ತರಿಸು. ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟು: ಮೊದಲು ಮಣಿಕಟ್ಟಿನಿಂದ ಹತ್ತು, ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು. ಒಂದೇ ಏಟಿಗೆ ಬಿರುಕು ಈ ತುದಿಯಿಂದ ಆ ತುದಿಗೆ ಓಡಿದರೆ ಕಡಿದಾದ ಇಳಿಜಾರಿನ ಆಸೆ ಬಿಟ್ಟುಬಿಡು. ಓಡದಿದ್ದರೆ ಸಲೀಸು ಅಂತಲೂ ಅಲ್ಲ. ಹತ್ತು ಹೆಜ್ಜೆ ಆಚೆ ಹಿಮವೇ ಬೇರೆ ಇರಬಹುದು.

2020-21ರ ಚಳಿಗಾಲದಲ್ಲಿ ಈ ರಾಜ್ಯವೊಂದರಲ್ಲೇ ಹಿಮಕುಸಿತಕ್ಕೆ 12 ಜನ ಹೋದರು. ಅವತ್ತೂ ಇದೇ ಸಕ್ಕರೆ ಹಿಮದ ಕಾಟ. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರ ವಿಷಯದಲ್ಲಿ ಕುಸಿತ ಶುರುಮಾಡೋದು ಅವರೇ, ಇಲ್ಲಾ ಅವರ ಗುಂಪಿನವರೇ.

ಹಾಗಾಗಿ ಈ ಸಲ 30 ಡಿಗ್ರಿಗಿಂತ ಕಡಿಮೆ ಇರೋ ಇಳಿಜಾರಿನಲ್ಲೇ ಆಡಿ. ತಲೆ ಮೇಲೆ ಕಡಿದಾದ ಗುಡ್ಡ ಇಲ್ಲ ತಾನೇ ಅಂತಲೂ ನೋಡ್ಕೋ, ಸಮತಟ್ಟಿನಲ್ಲಿ ನಿಂತು ತುಳಿದರೂ ಮೇಲಿನದು ಕಿತ್ತುಕೊಂಡು ಬರಬಹುದು. ಪಶ್ಚಿಮದ ಗಾಳಿ ಹಿಮವನ್ನೆಲ್ಲ ಒಯ್ದು ಪೂರ್ವದ ಮಗ್ಗುಲಿಗೆ ಸುರಿಯುತ್ತೆ, ಅಲ್ಲಿ ಜಾಸ್ತಿ ಹುಷಾರು. ಕಾಲ ಕೆಳಗೆ "ಧುಂ" ಅಂತ ಹಿಮ ಕುಸಿದ ಸದ್ದು ಕೇಳಿದರೆ ಚರ್ಚೆ ಬೇಡ, ವಾಪಸ್ಸು. ಹಿಮಕುಸಿತದ ಮುನ್ಸೂಚನೆಯಲ್ಲಿ ಅಪಾಯದ ಮಟ್ಟ ಐದರಲ್ಲಿ ಮೂರು ಅಂದ್ರೆ ಮಧ್ಯಮ, ಪರವಾಗಿಲ್ಲ ಅಂದುಕೊಳ್ಳಬೇಡ. ಸಾವುಗಳು ಬಹಳಷ್ಟು ಆಗೋದು ಅಂಥ ದಿನಗಳಲ್ಲೇ, ಯಾಕಂದ್ರೆ ನಾಲ್ಕು ಅಂದರೆ ಜನ ಮನೆಯಲ್ಲಿರ್ತಾರೆ.

ಬೀಕನ್ (ಹಿಮದಡಿ ಹೂತವರನ್ನು ಹುಡುಕೋಕೆ ಮೈಗೆ ಕಟ್ಟಿಕೊಳ್ಳೋ ಸಿಗ್ನಲ್ ಸಾಧನ) ಹತ್ತಿರ ಫೋನ್ ಇಟ್ಟುಕೊಳ್ಳಬೇಡ, ಕನಿಷ್ಠ 20 ಸೆಂ.ಮೀ. ದೂರ ಇರಲಿ. ನಿನ್ನ ಆ ಪ್ಲಾಸ್ಟಿಕ್ ಸಲಿಕೆ ಅಲ್ಲೇ ಬಿಟ್ಟು ಬಾ. ಕುಸಿದು ನಿಂತ ಹಿಮ ಕಲ್ಲಾಗಿರುತ್ತೆ, ಅಗೆಯೋಕೆ ಹೋದರೆ ಆ ಸಲಿಕೆ ಮುರಿದುಹೋಗುತ್ತೆ. ನನ್ನ ಅಲ್ಯುಮಿನಿಯಂ ಸಲಿಕೆ ಗ್ಯಾರೇಜಿನಲ್ಲಿದೆ, ಮನೆಗೆ ಬಂದು ತಗೊಂಡು ಹೋಗು. ಗೆಳೆಯರನ್ನೂ ಕರ್ಕೊಂಡು ಬಾ, ಅವರ ಬೀಕನ್‌ಗಳನ್ನೂ ಒಂದ್ಸಲ ನೋಡ್ತೀನಿ.

ಅಮ್ಮ