ಶನಿವಾರ ತಾಲೀಮು: ಮಹಾಡ್ ಕೆರೆ

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಯ ಮಕ್ಕಳ ನಾಟಕದ ತಾಲೀಮು ಈ ಶನಿವಾರ ಮಧ್ಯಾಹ್ನ 3ಕ್ಕೆ. ದೃಶ್ಯ ಮಹಾರಾಷ್ಟ್ರದ ಮಹಾಡ್ ಊರಲ್ಲಿ ನಡೆದ ಸತ್ಯಾಗ್ರಹದ್ದು. ಅಲ್ಲಿನ ಚವದಾರ್ ಕೆರೆಯನ್ನು ಪುರಸಭೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು. ಆದರೂ ದಲಿತರು ಆ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಅಲ್ಲಿ ನೀರು ಕುಡಿದರು. ಅವತ್ತೇ ಜನರ ಮೇಲೆ ಹಲ್ಲೆ ಆಯ್ತು. ಆ ಕೆರೆಯ ನೀರಿನ ಹಕ್ಕಿನ ಮೊಕದ್ದಮೆಯನ್ನು ಹೈಕೋರ್ಟಿನಲ್ಲಿ ಗೆಲ್ಲೋಕೆ 1937ರವರೆಗೆ ಕಾಯಬೇಕಾಯ್ತು.

ನಿನ್ನೆ ಬೊಗಸೆಯಲ್ಲಿ ನೀರೆತ್ತುವ ಜಾಗಕ್ಕೆ ಬಂದಾಗ ಒಬ್ಬ ಹುಡುಗಿ ಸುಮ್ನೆ ನಿಂತುಬಿಟ್ಟಳು. "ಅಜ್ಜಿ ಊರಲ್ಲಿ ಕೆಲವರಿಗೆ ಬೇರೆ ಲೋಟ ಇಡ್ತಾರೆ ಮೇಡಂ" ಅಂದಳು. ಆಮೇಲೆ ಅರ್ಧ ಗಂಟೆ ತಾಲೀಮು ನಡೆಯಲಿಲ್ಲ, ಬರೀ ಮಾತು. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸಿತು.

ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತೇವೆ. ಯಾರೂ ಯಾವ ಮಗುವಿನ ಜಾತಿಯನ್ನೂ ಕೇಳಬೇಡಿ. ಹಿತ್ತಾಳೆ ಚೊಂಬು ಇದ್ದವರು ಕಳಿಸಿಕೊಡಿ, ನಾಲ್ಕು ಬೇಕು.