ಹೆಸರೂ ಕೇಳಲಿಲ್ಲ, ಅಕ್ಕಾ

ಪಕ್ಕದ ಹಾಸಿಗೆಯವರನ್ನು ನೋಡಿಕೊಳ್ಳಲು ಬಂದಿದ್ದ ಅಕ್ಕಾ, ಇದು ನಿಮಗೆ. ಅಮ್ಮನ ಕೊನೆಯ ರಾತ್ರಿ ನಾನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ನೀವು ಅವಳ ಹಳೇ ಬೈಬಲ್ ಹಿಡಿದು 23ನೇ ಕೀರ್ತನೆ ಓದುತ್ತಿದ್ದಿರಿ, ತಡವರಿಸುತ್ತಾ. ಆರೇ ವಚನ, ಅವಳಿಗೆ ಬಾಯಿಪಾಠ. ನೀವು ತಡೆದಲ್ಲೆಲ್ಲ ಅವಳ ತುಟಿ ಮುಂದಿನ ಪದಕ್ಕೆ ಅಲುಗುತ್ತಿತ್ತು.

ಗಟ್ಟಿಯಾಗಿದ್ದಾಗ ಅಮ್ಮ ಮಾಡುತ್ತಿದ್ದದ್ದೂ ಇದನ್ನೇ. ಭಾನುವಾರದ ಆರಾಧನೆ ಮುಗಿಸಿ ಆಸ್ಪತ್ರೆಗೆ ಹೋಗಿ, ಯಾರೂ ಇಲ್ಲದವರ ಪಕ್ಕ ಕೂರುತ್ತಿದ್ದಳು. ತಲೆ ಬಾಚುವಳು, ಕಾಗದ ಬರೆದುಕೊಡುವಳು. ಪ್ರಾರ್ಥನೆ, ಅವರು ಕೇಳಿದರೆ ಮಾತ್ರ. (ಮನೆಯಲ್ಲಿ ನಮಗೆ ಆ ವಿನಾಯಿತಿ ಇರಲಿಲ್ಲ!)

“ನನಗೆ ಇದೆಲ್ಲ ಗೊತ್ತಿಲ್ಲ, ಅವರು ಕೇಳಿದರು, ಓದಿದೆ” ಅಂದಿರಿ. ಬೆಳಿಗ್ಗೆ ಹುಡುಕಿದೆ, ನಿಮ್ಮವರನ್ನು ಬೇರೆ ವಾರ್ಡಿಗೆ ಒಯ್ದಿದ್ದರು. ಆ ಪುಟದಲ್ಲಿ ನೀವಿಟ್ಟ ಔಷಧಿ ಚೀಟಿ ಇನ್ನೂ ಹಾಗೇ ಇದೆ. ತುಂಬಾ ಥ್ಯಾಂಕ್ಸ್, ಅಕ್ಕಾ.