ಹೊಸ ಫೋನು ಕೊಳ್ಳುವ ಮುಂಚೆ

ಮಲ್ಲೇಶ್ವರ, ಬೆಂಗಳೂರು

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಎರಡು ಫೋನುಗಳ ವಿವರ ನೋಡಿದೆ. ಒಂದು ತೆಳ್ಳಗಿದೆ, 200 ಮೆಗಾಪಿಕ್ಸೆಲ್ ಕ್ಯಾಮೆರಾ, ಬ್ಯಾಟರಿ 4000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ಇನ್ನೊಂದು ಸ್ವಲ್ಪ ದಪ್ಪ, ಕ್ಯಾಮೆರಾ ಸಾಧಾರಣ, ಬ್ಯಾಟರಿ 6000. ನಿನ್ನ ಮನಸ್ಸು ಮೊದಲನೆಯದರ ಕಡೆಗೇ ಇದೆ ಅಲ್ವಾ? ನನ್ನ ಮಾತು ಕೇಳಿ ಆಮೇಲೆ ತಗೋ.

ಬೆಳಿಗ್ಗೆ ಏಳೂವರೆಗೆ ವಿಜಯನಗರದಲ್ಲಿ ಮೆಟ್ರೋ ಹತ್ತುತ್ತೀಯ. ವೈಟ್‌ಫೀಲ್ಡ್‌ಗೆ ಹೋಗಿ ಪಿಜಿಗೆ ವಾಪಸ್ ಬರುವಾಗ ರಾತ್ರಿ ಒಂಬತ್ತು. ಮೆಟ್ರೋ ಟಿಕೆಟ್ಟಿನ ಕ್ಯೂಆರ್ ಫೋನಿನಲ್ಲಿ. ಊಟದ ದುಡ್ಡು, ಆಟೋ ದುಡ್ಡು, ಆಫೀಸಿನ ಒಟಿಪಿ ಎಲ್ಲ ಅದರಲ್ಲೇ. ರಾತ್ರಿ ಸ್ಟೇಷನ್ನಿನಿಂದ ಇಳಿಯುವಾಗ ಎಷ್ಟು ಚಾರ್ಜ್ ಉಳಿದಿರುತ್ತದೆ? ನನಗೆ ಮುಖ್ಯ ಅನಿಸುವುದು ಅದೊಂದೇ.

ಹೋದ ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನಾನು ಬಸ್ಸಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡಿದ್ದೆ. ಫೋನು ಆಫ್ ಆಗಿತ್ತು. ಪಕ್ಕದ ಹುಡುಗ ಪಾಪ, ತನ್ನ ಫೋನು ಕೊಟ್ಟ. ಆದರೆ ನಿನ್ನ ದೊಡ್ಡಮ್ಮನ ನಂಬರು ನನಗೆ ಬಾಯಿಗೆ ಬರಲಿಲ್ಲ. ಮನೆ ಸೇರಿದಾಗ ಅವಳು ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಆ ಮುಖ ನಾನು ಮರೆತಿಲ್ಲ.

ಈಗ ಲೆಕ್ಕಕ್ಕೆ ಬಾ. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದಷ್ಟೂ ಸವೆಯುತ್ತದೆ. ಅದು ಹೊಸದಿದ್ದಾಗಿನ ಶೇಕಡ 80ಕ್ಕೆ ಇಳಿಯಿತು ಅಂತಿಟ್ಟುಕೋ. 4000ದ್ದು 3200 ಆಗುತ್ತದೆ. 6000ದ್ದು 4800ಕ್ಕೆ ನಿಲ್ಲುತ್ತದೆ. ಅಂದರೆ ದಪ್ಪ ಫೋನಿನ ಬ್ಯಾಟರಿ ಹಳೆಯದಾದ ಮೇಲೂ ತೆಳ್ಳಗಿನದರ ಹೊಸ ಬ್ಯಾಟರಿಗಿಂತ ದೊಡ್ಡದು. ಅಲ್ಲದೆ ಸಣ್ಣ ಬ್ಯಾಟರಿಗೆ ದಿನಕ್ಕೆ ಎರಡು ಸಲ ಚಾರ್ಜ್ ಹಾಕಬೇಕಾಗಿ ಬಂದರೆ ಅದು ಸವೆಯುವುದೂ ಬೇಗ. ಪವರ್ ಬ್ಯಾಂಕ್ ಇಟ್ಟುಕೊಳ್ಳುತ್ತೇನೆ ಅಂತೀಯೇನೋ. ಅದನ್ನು ದಿನಾ ಹೊತ್ತುಕೊಂಡು ಓಡಾಡುವುದಾದರೆ ತೆಳ್ಳಗಿನ ಫೋನು ಯಾಕಮ್ಮಾ?

ಬರೀ ಎಂಎಎಚ್ ನೋಡಿದರೂ ಸಾಲದು, ಅದೂ ನಿಜ. ಫೋನನ್ನು ನಡೆಸುವ ಒಳಗಿನ ಚಿಪ್ ಹಳೆಯದಾಗಿದ್ದರೆ, ಸ್ಕ್ರೀನು ಜಾಸ್ತಿ ಬೆಳಕು ಬೇಡಿದರೆ ದೊಡ್ಡ ಬ್ಯಾಟರಿಯೂ ಬೇಗ ಖಾಲಿ. ಸಿಗ್ನಲ್ ಕಡಿಮೆ ಇರುವ ಕಡೆ ಟವರ್ ಹುಡುಕುವುದಕ್ಕೇ ಫೋನು ಚಾರ್ಜ್ ತಿನ್ನುತ್ತದೆ. 120 ಹರ್ಟ್ಸ್ ಸ್ಕ್ರೀನು, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು, ಚೆನ್ನಾಗಿರುತ್ತದೆ, ಆದರೆ ಸೆಟ್ಟಿಂಗ್ಸ್‌ನಲ್ಲಿ 60ಕ್ಕೆ ಇಳಿಸಿದರೆ ಉಳಿತಾಯ ಆಗುತ್ತದೆ.

ಕ್ಯಾಮೆರಾದ 200 ನೋಡಿ ಮಾತ್ರ ಮರುಳಾಗಬೇಡ. ಅಂಥ ಫೋನುಗಳು ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್ (ಚಿತ್ರದ ಚುಕ್ಕಿ) ಸೇರಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತವೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದಾಗ ಅದೂ ಕುಗ್ಗುತ್ತದೆ. ನಿನ್ನ ತಮ್ಮ ಮದುವೆ ಫೋಟೋ ತೆಗೆದು ದುಡಿಯುವವನು, ಅವನಿಗಾದರೆ ಕ್ಯಾಮೆರಾನೇ ಮೊದಲು ನೋಡು ಅನ್ನುತ್ತಿದ್ದೆ.

ಇನ್ನೊಂದು ಮಾತು. ಈಗಿನ ಫೋನಿನ ಮೇಲೆ ನಿನಗಿರುವ ತಕರಾರು ಬ್ಯಾಟರಿ ಒಂದೇ ಆಗಿದ್ದರೆ, ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಕೇಳು. ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿದೆಯಾ ನೋಡು. ಬರುತ್ತಿದ್ದರೆ ಸುಮ್ನೆ ಯಾಕೆ ಸಂಬಳ ಸುರಿಯುತ್ತೀಯ?

ಯಾವುದೇ ತಗೋ, ರಾತ್ರಿ ದಿಂಬಿನ ಕೆಳಗಿಟ್ಟು ಚಾರ್ಜ್ ಹಾಕಬೇಡ. ಬಿಸಿಯಾದರೆ ಬ್ಯಾಟರಿ ಹಾಳಾಗುತ್ತದೆ.

ಬ್ಯಾಗಿನಲ್ಲಿ ಇನ್ನೂರು ರೂಪಾಯಿ ನೋಟು ಇಟ್ಟುಕೊಂಡಿರು. ದೊಡ್ಡಮ್ಮನ ನಂಬರು ಬಾಯಿಪಾಠ ಮಾಡಿಕೋ. ಭಾನುವಾರ ಊಟಕ್ಕೆ ಬಂದಾಗ ಕೇಳುತ್ತೇನೆ.

ಇಂತಿ,
ದೊಡ್ಡಪ್ಪ